ಸುಟ್ಟ ಫ್ಯೂಸು ಹೇಳಿದ ಮಾತು

ಚಳ್ಳಕೆರೆಯಲ್ಲಿ ತಿಪ್ಪೇಶ ಎಂಬ ಕಾರ್ ಸ್ಟೀರಿಯೊ ಕೆಲಸಗಾರನಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಎಂಥ ಹಳೇ ಗಾಡಿಯಾದರೂ ಸರಿ, ಅವನು ಆಂಪ್ಲಿಫೈಯರ್ ಕೂರಿಸಿ ವೈರ್ ಎಳೆದನೆಂದರೆ ಬೀದಿಯ ಕಿಟಕಿಗಳು ಅದುರಬೇಕು. ಅವನಿಗೆ ಕೆಲಸ ಕಲಿಸಿದವರು ಓಬಳಣ್ಣ. ವಯಸ್ಸಾದ ಮೇಲೆ ಅಂಗಡಿಯನ್ನು ಶಿಷ್ಯನಿಗೆ ಒಪ್ಪಿಸಿದ್ದರು. ಆದರೂ ದಿನಾ ಬಂದು ಬಾಗಿಲ ಬಳಿ ಕೂರದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ.

ಒಂದು ಸಲ ಊರಿಗೆ ಊರೇ ಕುಣಿಯುವಂಥ ಸುದ್ದಿ ಬಂತು. ಊರಿನ ಹುಡುಗಿಯರ ಕಬಡ್ಡಿ ತಂಡ ರಾಜ್ಯಮಟ್ಟದಲ್ಲಿ ಗೆದ್ದಿತ್ತು! ನಾಯಕಿ ಭಾರ್ಗವಿ ಬೇರೆ ಯಾರೂ ಅಲ್ಲ, ತಿಪ್ಪೇಶನ ಸ್ವಂತ ಅಕ್ಕನ ಮಗಳು. ಸಂಜೆಗೆ ಮೆರವಣಿಗೆ ಎಂದು ಗೊತ್ತಾಯಿತು. ತಿಪ್ಪೇಶನ ಗೆಳೆಯ ಜಬೀವುಲ್ಲಾನ ತೆರೆದ ಜೀಪಿನಲ್ಲಿ ಹುಡುಗಿಯರು ನಿಂತು ಬರಬೇಕು, ಹಾಡು ಪೇಟೆಗೆಲ್ಲ ಕೇಳಬೇಕು.

"ಮಾವ, ನೀನು ಹಾಕೋ ಹಾಡಿಗೆ ನೆಲ ನಡುಗ್ಬೇಕು ನೋಡು!" ಎಂದು ಭಾರ್ಗವಿ ಫೋನಿನಲ್ಲೇ ಕೂಗಿದಳು.

"ನೆಲ ಏನೇ, ಬೆಟ್ಟ ನಡುಗುತ್ತೆ ಬಾ!" ಎಂದ ತಿಪ್ಪೇಶ.

ಊಟ ತಿಂಡಿ ಮರೆತು ಕೆಲಸಕ್ಕಿಳಿದ. ಹಿಂದೆ ದೊಡ್ಡ ಸ್ಪೀಕರ್ ಪೆಟ್ಟಿಗೆ, ಸೀಟಿನಡಿ ಆಂಪ್ಲಿಫೈಯರ್. ಬಾನೆಟ್ಟಿನೊಳಗಿನ ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಒಂದು ದಪ್ಪ ಕೆಂಪು ವೈರು ಎಳೆದ. ಬ್ಯಾಟರಿ ಪಕ್ಕದಲ್ಲೇ ಫ್ಯೂಸು. ಹಾಡು ಹಾಕಿದ. ಅಬ್ಬಾ, ಏನು ಸದ್ದು! ಎದುರಿನ ಹೋಟೆಲಿನವರೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟಿದರು.

ಆದರೆ ಜಬೀವುಲ್ಲಾ ಜೀಪನ್ನು ಒಂದು ಸುತ್ತು ಓಡಿಸಿ ನೋಡಲು ಹೊರಟನೋ ಇಲ್ಲವೋ, ಹಾಡು ಟಪ್ಪನೆ ನಿಂತಿತು. ಫ್ಯೂಸು ಸುಟ್ಟಿತ್ತು. ತಿಪ್ಪೇಶ ಹೊಸದು ಹಾಕಿದ. ಜೀಪು ನಾಲ್ಕು ಮಾರು ಹೋಗುವಷ್ಟರಲ್ಲಿ ಅದೂ ಹೋಯಿತು. ಮೀಟರ್ ಹಿಡಿದು ಸ್ಪೀಕರ್ ನೋಡಿದ, ಆಂಪ್ಲಿಫೈಯರ್ ನೋಡಿದ. ಎರಡರಲ್ಲೂ ದೋಷವಿಲ್ಲ.

ಅಷ್ಟರಲ್ಲಿ ಫೋನು. ಹುಡುಗಿಯರ ಬಸ್ಸು ಊರ ಹೊರಗೆ ಬಂದಾಗಿತ್ತು! ಪಟಾಕಿ ಸದ್ದೂ ಕೇಳಿಸಿತು.

"ಹಾಳಾದ ಫ್ಯೂಸು! ಇದೇ ಸರಿ ಇಲ್ಲ" ಎಂದು ಬೈದು ಅದನ್ನು ಕಿತ್ತೆಸೆದ. ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿಬಿಟ್ಟ.

ಓಬಳಣ್ಣ ಎದ್ದು ಬಂದರು. "ಫ್ಯೂಸು ಯಾಕೆ ಸುಡ್ತು ಅಂತ ನೋಡ್ದೇನಪ್ಪ?"

"ಇವತ್ತೊಂದು ದಿನ ಬಿಡಿ ಓಬಳಣ್ಣ. ನಾಳೆ ನಿಧಾನಕ್ಕೆ ನೋಡ್ತೀನಿ."

"ನಿಂತಾಗ ಸುಡದ್ದು ಓಡಿದಾಗ ಸುಡುತ್ತೆ ಅಂದ್ರೆ ಏನೋ ಇದೆ ಕಣೋ."

ಆದರೆ ತಿಪ್ಪೇಶ ಆಗಲೇ ಜೀಪು ಹತ್ತಿದ್ದ. ಓಬಳಣ್ಣ ಮನಸ್ಸು ತಡೆಯದೆ ಹಿಂದೆಯೇ ನಡೆದು ಬಂದರು.

ಮೆರವಣಿಗೆ ಹೊರಟಿತು. ಹಾರ ಹಾಕಿಕೊಂಡ ಹುಡುಗಿಯರು ಟ್ರೋಫಿ ಎತ್ತಿ ಹಿಡಿದಿದ್ದರು. ಮಹಡಿಗಳಿಂದ ಹೂವು ಸುರಿಯಿತು. ಹಾಡು ಗುಡುಗಿತು. ಜೀಪಿನ ಪಕ್ಕ ನಡೆಯುತ್ತಿದ್ದ ತಿಪ್ಪೇಶನ ಕಾಲು ನೆಲದ ಮೇಲೇ ಇರಲಿಲ್ಲ. ಕಂಡಕಂಡವರಿಗೆಲ್ಲ "ನಮ್ಮ ಹುಡುಗಿ! ನಮ್ಮ ಅಕ್ಕನ ಮಗಳು!" ಎಂದು ಹೇಳಿದ್ದೇ ಹೇಳಿದ್ದು.

ಬಸ್ ನಿಲ್ದಾಣದ ಮುಂದಿನ ರಸ್ತೆ ಹಂಪಿನಲ್ಲಿ ಜೀಪು ದಡಕ್ ಎಂದು ಕುಲುಕಿತು. ಹಾಡು ಗರಗರ ಎಂದಿತು. ಸುಟ್ಟ ವಾಸನೆ ಬಂತು. ನೋಡಿದರೆ ಹುಡುಗಿಯರ ಮುಂದೆಯೇ ಬಾನೆಟ್ಟಿನಿಂದ ಹೊಗೆ ಏಳುತ್ತಿದೆ!

"ಇಳೀರಿ! ಎಲ್ಲಾ ಇಳೀರಿ!" ಎಂದು ತಿಪ್ಪೇಶ ಗಂಟಲು ಹರಿಯುವಂತೆ ಕೂಗಿದ. ಭಾರ್ಗವಿ ಗೆಳತಿಯರನ್ನು ಒಬ್ಬೊಬ್ಬರಾಗಿ ಕೆಳಗಿಳಿಸಿ ಕೊನೆಗೆ ತಾನು ಹಾರಿದಳು. ತಿಪ್ಪೇಶ ಬಾನೆಟ್ ಎತ್ತಿದ. ಅವನೇ ಸುತ್ತಿದ್ದ ತಂತಿ ಕೆಂಡದಂತೆ ಕೆಂಪಾಗಿತ್ತು. ಟವೆಲು ಸುತ್ತಿದ ಕೈಯಲ್ಲಿ ಬ್ಯಾಟರಿ ವೈರನ್ನು ಹಿಡಿದು ಜಗ್ಗಿ ಎಳೆದ. ಬೆರಳು ಚುರ್ರೆಂದವು. ಹೊಗೆ ನಿಂತಿತು.

ಜನ ಜಬೀವುಲ್ಲಾನ ಮೇಲೆ ಮುಗಿಬಿದ್ದರು. "ಎಂಥ ಡಕೋಟಾ ಗಾಡಿ ತಂದಿದ್ದೀಯೋ! ಹುಡುಗಿಯರಿಗೆ ಏನಾದ್ರೂ ಆಗಿದ್ರೆ?"

ತಿಪ್ಪೇಶ ನಡುವೆ ಬಂದು ನಿಂತ. "ಅವನನ್ನ ಬೈಬೇಡಿ. ಗಾಡಿದು ತಪ್ಪಲ್ಲ, ನಂದು. ಫ್ಯೂಸು ಎರಡೆರಡು ಸಲ ಬೇಡ ಅಂತು. ಓಬಳಣ್ಣನೂ ಹೇಳಿದ್ರು. ನಾನು ಕೇಳಲಿಲ್ಲ."

ಓಬಳಣ್ಣ ಬಾನೆಟ್ಟಿನೊಳಗೆ ಬಗ್ಗಿ ತೋರಿಸಿದರು. ಕೆಂಪು ವೈರು ತಗಡಿನ ತೂತಿನಲ್ಲಿ ಹಾದುಹೋಗುವ ಕಡೆ, ಅಂಚು ತಾಗಿ ಸಿಪ್ಪೆ ಹರಿದಿತ್ತು. ಗಾಡಿ ಕುಲುಕಿದಾಗಲೆಲ್ಲ ಒಳಗಿನ ತಾಮ್ರ ತಗಡಿಗೆ ತಾಗಿ ಶಾರ್ಟ್ ಆಗುತ್ತಿತ್ತು.

"ಫ್ಯೂಸು ಕೆಟ್ಟಿರಲಿಲ್ಲ ಕಣಪ್ಪ. ತಾನು ಸುಟ್ಟು ಗಾಡಿ ಉಳಿಸ್ತಿತ್ತು" ಎಂದರು.

ತಿಪ್ಪೇಶ ತಲೆ ತಗ್ಗಿಸಿ ಭಾರ್ಗವಿಯ ಕಡೆ ತಿರುಗಿದ. "ನಿನ್ನ ಮೆರವಣಿಗೆ ಹಾಳು ಮಾಡ್ಬಿಟ್ನಲ್ಲೇ."

ಭಾರ್ಗವಿ ಅವನ ಸುಟ್ಟ ಬೆರಳುಗಳನ್ನು ನೋಡಿದಳು. ಆಮೇಲೆ ನಕ್ಕಳು. "ಹಾಡಿಲ್ದೆ ಇದ್ರೆ ಏನಾಯ್ತು ಮಾವ? ನಮ್ಗೆ ಉಸಿರು ಹಿಡಿದು ಕೂಗೋಕೆ ಯಾರೂ ಹೇಳಿಕೊಡಬೇಕಾಗಿಲ್ಲ!" ತೊಡೆ ತಟ್ಟಿ ಕೂಗಿಯೇಬಿಟ್ಟಳು: "ಕಬಡ್ಡಿ ಕಬಡ್ಡಿ ಕಬಡ್ಡಿ..."

ತಂಡ ದನಿಗೂಡಿಸಿತು. ಹಿಂದೆಯೇ ಬೀದಿ ದನಿಗೂಡಿಸಿತು. ಹೂವಿನವರು, ಆಟೋದವರು, ಮಹಡಿಯ ಮೇಲಿನ ಅಜ್ಜಿಯರು, ಎಲ್ಲರ ಬಾಯಲ್ಲೂ ಅದೇ ಕೂಗು! ಟ್ರೋಫಿ ಕೈಯಿಂದ ಕೈಗೆ ಹಾರುತ್ತ ಹೋಯಿತು. ಜಬೀವುಲ್ಲಾ ತಿಪ್ಪೇಶನ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡು ನಡೆದ. ತಿಪ್ಪೇಶ ಕಣ್ಣೊರೆಸಿಕೊಂಡು, ಉಸಿರು ಕಟ್ಟಿ, ಎಲ್ಲರಿಗಿಂತ ಜೋರಾಗಿ ಕೂಗುತ್ತ ಪೇಟೆಯ ಕೊನೆಯವರೆಗೂ ಹೋದ.

ನೀತಿ: ನಮ್ಮನ್ನು ತಡೆಯುವವರೆಲ್ಲ ನಮ್ಮ ವೈರಿಗಳಲ್ಲ. ಎಚ್ಚರಿಸುವ ಬಾಯಿಯನ್ನು ಮುಚ್ಚಿಸುವುದು ಸುಲಭ, ಆದರೆ ಅದರಿಂದ ಅಪಾಯ ಹೋಗುವುದಿಲ್ಲ. ಅದು ಏನು ಹೇಳುತ್ತಿದೆ ಎಂದು ಮೊದಲು ಕೇಳಿ.