ಕೆಂಚಕ್ಕ ಕಂಡ ಮೀನುಗಿಡುಗ

ಮಕ್ಕಳೇ, ಬಯಲುಸೀಮೆಯಲ್ಲಿ ಒಂದು ಕೆರೆ. ತೀರಾ ದೊಡ್ಡದೇನಲ್ಲ. ಒಂದು ಕಡೆ ಕಲ್ಲಿನ ಏರಿ, ಎದುರು ಕಡೆ ಆಳೆತ್ತರದ ಜೊಂಡು, ನಡುವೆ ನೀರು. ನೀರಿನಂಚಿಗೆ ಕೆಸರು, ಕೆಸರು ದಾಟಿದರೆ ಹುಲ್ಲು. ನಡುನೀರಿನಲ್ಲಿ ಒಂದು ಒಣಗಿದ ಜಾಲಿಮರ. ಹಕ್ಕಿಗಳಿಗೆ ಇಷ್ಟಿದ್ದರೆ ಸಾಕು, ಅದೇ ಅವರ ಊರು.

ಆ ಏರಿಯ ಮೇಲೆ ಕೆಂಚಕ್ಕ ಎಂಬ ಟಿಟ್ಟಿಭ ಇದ್ದಳು. ಟಿಟ್ಟಿಭ ಗೊತ್ತಲ್ಲ? ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು, ಯಾರಾದರೂ ಹತ್ತಿರ ಸುಳಿದರೆ ಊರೆಲ್ಲ ಎದ್ದು ಕೂರುವಂತೆ ಕೂಗುವ ಹಕ್ಕಿ. ನೋಡುವುದು, ಕೂಗುವುದು, ಇವೆರಡೇ ಅದರ ಕೆಲಸ. ಕೆಂಚಕ್ಕ ಆ ಕೆಲಸದಲ್ಲಿ ಎತ್ತಿದ ಕೈ. ನಾಯಿ ಬಂದರೆ ಕೂಗುತ್ತಿದ್ದಳು, ಹಾವು ಬಂದರೆ ಕೂಗುತ್ತಿದ್ದಳು, ಬಲೆ ಹಿಡಿದ ಮನುಷ್ಯರು ಬಂದರಂತೂ ಕೇಳಲೇಬೇಡಿ. ಅವಳ ಕೂಗನ್ನು ನಂಬಿಕೊಂಡೇ ಆ ಕೆರೆಯ ತಾಯಂದಿರೆಲ್ಲ ಮರಿ ಸಾಕುತ್ತಿದ್ದರು.

ಶ್ರಾವಣ ಕಳೆಯುತ್ತ ಬಂದಿತೆಂದರೆ ಕೆಂಚಕ್ಕನಿಗೆ ಸುಗ್ಗಿ. ಬಡಗಣ ದೇಶಗಳಲ್ಲಿ ಬೇಸಿಗೆ ಮುಗಿಯುವ ಹೊತ್ತು ಅದು. ಚಳಿ ಬೀಳುವ ಮೊದಲೇ ಅಲ್ಲಿಂದ ಹೊರಟ ಹಕ್ಕಿಗಳು ಬೆಟ್ಟ ದಾಟಿ, ಬಯಲು ದಾಟಿ, ಒಂದೊಂದಾಗಿ ಈ ಕೆರೆಗೆ ಇಳಿಯುತ್ತವೆ. ಮೊದಲು ಗದ್ದೆಗೊರವ, ಅದರ ಹಿಂದೆ ಬಾಲ ಕುಣಿಸುತ್ತ ಸಿಪಿಲೆ, ಆಮೇಲೆ ಬಾತುಗಳ ದಂಡು. ಬೆಳಗಾದರೆ ಕೆರೆಯವರೆಲ್ಲ ಮುಗಿಲು ನೋಡುತ್ತ ಕೂರುತ್ತಿದ್ದರು. ಈ ವರ್ಷ ಯಾರು ಮೊದಲು ಬರುತ್ತಾರೆ, ಅವರನ್ನು ಯಾರು ಮೊದಲು ಕಾಣುತ್ತಾರೆ, ಎಲ್ಲರ ಬಾಯಲ್ಲೂ ಅದೇ ಮಾತು.

ಮೊದಲು ಕಾಣುವವಳು ಯಾವಾಗಲೂ ಕೆಂಚಕ್ಕನೇ. ಬರುವ ಹಕ್ಕಿ ಇನ್ನೂ ಸಾಸಿವೆ ಕಾಳಿನಷ್ಟಿರುವಾಗಲೇ, "ಗೊರವ ಬಂತು" ಎಂದು ಹೆಸರು ಹಿಡಿದು ಕೂಗುತ್ತಿದ್ದಳು. ಇಳಿದ ಮೇಲೆ ನೋಡಿದರೆ ಅದು ಗೊರವವೇ. ಹೀಗೆ ವರ್ಷ ವರ್ಷವೂ ಸರಿಹೋಗಿ ಅವಳಿಗೆ ಸ್ವಲ್ಪ ತಲೆಗೇರಿತು.

"ಕೆಂಚಕ್ಕ ಒಂದು ಸಲ ಹೇಳಿದಳು ಅಂದರೆ ಮುಗಿಯಿತು. ಅದನ್ನು ತಿದ್ದುವ ಮಾತೇ ಇಲ್ಲ," ಎನ್ನುತ್ತಿದ್ದಳು.

ಕಣ್ಣು ಚುರುಕಾಗಿದೆ ಎಂದು ಹೆಮ್ಮೆಪಟ್ಟರೆ ತಪ್ಪೇನಿಲ್ಲ ಬಿಡಿ. ಆದರೆ ಅವಳ ಹೆಮ್ಮೆ ಕಣ್ಣಿನ ಮೇಲಿದ್ದದ್ದು ಮೆಲ್ಲಗೆ ಜಾರಿ ಮಾತಿನ ಮೇಲೆ ಬಂದು ಕೂತಿತ್ತು. ತೊಂದರೆ ಶುರುವಾದದ್ದು ಅಲ್ಲೇ.

ಅವಳನ್ನು ಕೆಣಕುವವನು ಒಬ್ಬನಿದ್ದ. ತೂಬಿನ ಕಲ್ಲಿನ ಮೇಲೆ ಕೂತು ಮೀನು ಹಿಡಿಯುವ ಮಿಂಚುಳ್ಳಿ, ಬಸಣ್ಣ.

"ಕೆಂಚಕ್ಕ, ಒಂದಲ್ಲ ಒಂದು ದಿನ ನೀನೂ ಎಡವುತ್ತೀಯ. ಅವತ್ತು ನೋಡು, ಕೆರೆ ಸುತ್ತ ಹಾರಿ ಎಲ್ಲರಿಗೂ ಸಾರಿಕೊಂಡು ಬರುತ್ತೇನೆ," ಎಂದು ನಗುತ್ತಿದ್ದ. ಅವನು ಆಡಿದ್ದು ತಮಾಷೆಗೆ. ಕೆಂಚಕ್ಕ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು.

ಆ ವರ್ಷ ಜೊಂಡಿನೊಳಗೆ ತಿರುಮಲವ್ವ ತಡವಾಗಿ ಮರಿ ಮಾಡಿದ್ದಳು. ತಿರುಮಲವ್ವ ನಾಮದಕೋಳಿ. ಮೈಯೆಲ್ಲ ಕಪ್ಪು, ಹಣೆಗೆ ಮಾತ್ರ ಅಚ್ಚ ಬಿಳಿಯ ನಾಮ. ಹೆಸರು ಬಂದದ್ದೇ ಹಾಗೆ. ಅವಳಿಗೆ ಐದು ಮರಿ, ಐದಕ್ಕೂ ಕೆಂಪು ತಲೆ. ಜಡಿಮಳೆ ಹಿಡಿದು ಮರಿಗಳು ಗೂಡು ಬಿಟ್ಟು ಕದಲಿರಲಿಲ್ಲ. ಗೂಡಿನ ಸುತ್ತಮುತ್ತ ಇದ್ದ ಹುಳಹುಪ್ಪಟೆಯೆಲ್ಲ ಮುಗಿದುಹೋಗಿತ್ತು. ಹಸಿವು ತಾಳದೆ ಮರಿಗಳು ತಾಯಿಯ ಕೊಕ್ಕನ್ನೇ ಕುಕ್ಕುತ್ತಿದ್ದವು.

ಮಳೆ ನಿಂತ ಬೆಳಿಗ್ಗೆ ದಡದ ಮೇಲೆ ಎಳೆ ಹುಲ್ಲು ಎದ್ದು ನಿಂತಿತ್ತು. ಆದರೆ ಜೊಂಡಿನಿಂದ ಅಲ್ಲಿಗೆ ಹೋಗಬೇಕಾದರೆ ಬರೀ ಕೆಸರಿನ ಬಯಲು ದಾಟಬೇಕು. ಅಲ್ಲಿ ಅಡಗಿಕೊಳ್ಳಲು ಒಂದು ಕಡ್ಡಿಯ ಮರೆಯೂ ಇಲ್ಲ.

ತಿರುಮಲವ್ವ ಜೊಂಡಿನ ಸಂದಿಯಿಂದ ತಲೆ ಹಾಕಿ ಕೇಳಿದಳು. "ಕೆಂಚಕ್ಕ, ಮೇಲೆ ಹೇಗಿದೆ? ಮಕ್ಕಳು ಉಪವಾಸ ಇದ್ದಾವೆ. ಹೊರಗೆ ಬಿಡಲಾ?"

"ಸ್ವಲ್ಪ ತಡಿ ತಂಗಿ, ನೋಡಿ ಹೇಳುತ್ತೇನೆ," ಎಂದಳು ಕೆಂಚಕ್ಕ.

ಅಷ್ಟರಲ್ಲಿ ಈಶಾನ್ಯದ ಕಡೆಯಿಂದ ಒಂದು ದೊಡ್ಡ ಹಕ್ಕಿ ಕಂಡಿತು. ಅಗಲವಾದ ರೆಕ್ಕೆ, ಕಂದು ಮೈ, ತಲೆ ಬೆಳ್ಳಗೆ. ಎಳೆಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ತೂಬಿನ ಕಲ್ಲಿನ ಮೇಲೆ ಬಸಣ್ಣ ಆಗಲೇ ಕತ್ತು ಎತ್ತಿದ್ದ. ಅವನು ಬಾಯಿ ಬಿಡುವ ಮೊದಲೇ ಕೆಂಚಕ್ಕ ಕೂಗಿಬಿಟ್ಟಳು.

"ಮೀನುಗಿಡುಗ ಬಂದ! ಈ ವರ್ಷದ ಮೊದಲ ಮೀನುಗಿಡುಗ. ಕಂಡವಳು ನಾನು."

ಕೆರೆಯ ತುಂಬ ಸಂತೋಷದ ಗುಜುಗುಜು ಎದ್ದಿತು. ಮೀನುಗಿಡುಗ ಎಂದರೆ ಗಿಡುಗಗಳಲ್ಲೇ ಸಾಧು. ಅವನಿಗೆ ಮೀನು ಬಿಟ್ಟರೆ ಬೇರೇನೂ ಬೇಡ. ವರ್ಷವೂ ಬಂದು ಆ ಒಣಜಾಲಿಯ ತುದಿಯಲ್ಲಿ ಕೂತು, ನೀರಿಗೆ ಧುಮುಕಿ ಮೀನೆತ್ತಿ, ತನ್ನ ಪಾಡಿಗೆ ತಾನು ಚಳಿಗಾಲ ಕಳೆದು ಹೋಗುವವನು. ಕಣ್ಣೆದುರೇ ಮರಿಗಳು ಓಡಾಡಿದರೂ ತಿರುಗಿ ನೋಡುವವನಲ್ಲ.

ಹಕ್ಕಿ ಹತ್ತಿರ ಬಂತು. ಬಿಸಿಲು ಪಕ್ಕಕ್ಕೆ ಸರಿಯಿತು. ಈಗ ಕೆಂಚಕ್ಕ ಸರಿಯಾಗಿ ನೋಡಿದಳು. ಮೀನುಗಿಡುಗನ ಹೊಟ್ಟೆ ಹಾಲಿನ ಬಿಳುಪು. ಇದರ ಹೊಟ್ಟೆ ಕಂದು.

ಬಸಣ್ಣನೂ ನೋಡುತ್ತಿದ್ದ. ಮೀನುಗಿಡುಗ ಬಂದರೆ ಅವನ ಮೀನಿಗೆ ಪಾಲುದಾರ ಬಂದ ಹಾಗೆ. ಅದಕ್ಕೇ ಅವನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದ. "ಕೆಂಚಕ್ಕ, ಹೊಟ್ಟೆ ಬಿಳಿ ಇರಬೇಕಲ್ಲವಾ?" ಎಂದ.

"ಎಲ್ಲಿಂದ ಬಂದಿದ್ದಾನೆ ಗೊತ್ತಾ ಅವನು? ದಾರಿಯಲ್ಲಿ ಎಲ್ಲೋ ಕೆಸರಿಗೆ ಇಳಿದಿದ್ದಾನೆ. ಅಷ್ಟು ದೂರ ನೀನು ಹಾರಿ ಬಾ, ನಿನ್ನ ನೀಲಿ ಎಷ್ಟು ಉಳಿಯುತ್ತೆ ನೋಡೋಣ."

ಸುತ್ತಲಿನವರು ನಕ್ಕರು. ಬಸಣ್ಣನೂ ನಕ್ಕ. ಹಕ್ಕಿ ಜಾಲಿಮರದ ಕಡೆಗೆ ಹೋಗಲಿಲ್ಲ. ಜೊಂಡಿನ ನೆತ್ತಿಯ ಮೇಲೆ ತಗ್ಗಿ, ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು, ಅತ್ತಿಂದಿತ್ತ ಇತ್ತಿಂದತ್ತ ತೇಲತೊಡಗಿತು.

"ನೀರಿನ ಕಡೆ ಮುಖವನ್ನೇ ಹಾಕಲಿಲ್ಲವಲ್ಲ," ಎಂದ ಬಸಣ್ಣ.

"ಹಸಿವಿಲ್ಲ. ಬರುತ್ತ ಇನ್ನೊಂದು ಕೆರೆಯಲ್ಲಿ ತಿಂದುಕೊಂಡು ಬಂದಿದ್ದಾನೆ."

"ಜೊಂಡಿನಲ್ಲಿ ಏನು ಹುಡುಕುತ್ತಾನೆ?"

"ಹುಡುಕುವುದೇನು ಬಂತು? ಹೋದ ವರ್ಷಕ್ಕಿಂತ ಜೊಂಡು ಬೆಳೆದಿದೆ, ನೋಡುತ್ತಿದ್ದಾನೆ. ಬಹಳ ದಿನದ ಮೇಲೆ ಊರಿಗೆ ಬಂದವರು ಒಂದು ಸುತ್ತು ಹಾಕುವುದಿಲ್ಲವಾ?"

"ಆಯಿತಮ್ಮ, ನೀನೇ ಬಲ್ಲವಳು," ಎಂದು ಬಸಣ್ಣ ಮೀನಿನ ಕಡೆ ತಿರುಗಿದ.

ನೋಡಿದಿರಾ ಮಕ್ಕಳೇ? ಕೆಂಚಕ್ಕ ಮೊದಲು ಕೂಗಿದ್ದು ಸುಳ್ಳಲ್ಲ, ಬರೀ ತಪ್ಪು. ಬಿಸಿಲು ಕಣ್ಣಿಗೆ ಹೊಡೆದರೆ ಯಾರಿಗಾದರೂ ಹಾಗಾಗುತ್ತದೆ. ಆದರೆ ಈಗ ಅವಳ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಕಂಡದ್ದಕ್ಕೆಲ್ಲ ಒಂದೊಂದು ನೆಪ ಹೊಂದಿಸಿ, ತಾನು ಆಡಿದ ಮಾತಿಗೆ ತೇಪೆ ಹಚ್ಚುತ್ತಿದ್ದಳು. ನನಗಂತೂ ಇಂಥವರನ್ನು ಕಂಡರೆ ಸಿಟ್ಟು ಬರುತ್ತದೆ. ಆಮೇಲೆ, ಪಾಪ, ಅಯ್ಯೋ ಎನ್ನಿಸುತ್ತದೆ.

ಏಕೆಂದರೆ ಅದು ಯಾರು ಎಂದು ಕೆಂಚಕ್ಕನಿಗೆ ಅಷ್ಟರಲ್ಲಿ ಗೊತ್ತಾಗಿಹೋಗಿತ್ತು. ಬಡಗಣದಿಂದ ಬರುವವರೆಲ್ಲ ಸಾಧುಗಳಲ್ಲ. ಮೀನುಗಿಡುಗ ಬರುವ ಕಾಲಕ್ಕೇ ಅವನಂತೆಯೇ ಅಗಲ ರೆಕ್ಕೆಯ, ಬಿಳಿ ತಲೆಯ ಇನ್ನೊಂದು ಗಿಡುಗ ಬರುತ್ತದೆ. ಜೊಂಡಿನ ಮೇಲೆ ತಗ್ಗಾಗಿ ತೇಲುತ್ತ, ಕೆಳಗೆ ಅಲುಗಿದ ಮರಿಯನ್ನು ಕಾಲುಗುರಿನಲ್ಲಿ ಸೆಳೆದುಕೊಂಡು ಹೋಗುವ ಗಿಡುಗ. ಕೆರೆಯವರು ಅದನ್ನು ಸೆಳೆವ ಎನ್ನುತ್ತಾರೆ.

ಜೊಂಡಿನೊಳಗಿಂದ ತಿರುಮಲವ್ವನ ದನಿ ಬಂತು. "ಅಕ್ಕಾ, ಈ ಸಂದಿಯಿಂದ ನನಗೆ ಮೇಲಿನದು ಕಾಣಿಸುವುದಿಲ್ಲ. ಬಸಣ್ಣ ಏನೇನೋ ಅಂದದ್ದು ಕೇಳಿಸಿತು. ನೀನು ಒಂದು ಮಾತು ಹೇಳಿಬಿಡು. ಅವನು ಮೀನುಗಿಡುಗನೇ ತಾನೇ? ನೀನು ಹೌದು ಅಂದರೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತೇನೆ."

ಅಲ್ಲ ಎನ್ನಬೇಕಿತ್ತು. ಅಷ್ಟೇ ಸಾಕಿತ್ತು. ಕೆಂಚಕ್ಕ ಕೊಕ್ಕು ತೆರೆದಳು. ಬಸಣ್ಣ ಕೆರೆ ಸುತ್ತ ಹಾರಿ ಸಾರುವುದು ಕಣ್ಣಮುಂದೆ ಬಂತು. ಈಗಷ್ಟೇ ತನ್ನ ಮಾತಿಗೆ ನಕ್ಕವರು ನಾಳೆ ತನ್ನನ್ನೇ ನೋಡಿ ನಗುವುದು ಬಂತು. ಸೆಳೆವ ತೇಲುತ್ತ ತೇಲುತ್ತ ಕೆರೆಯ ಆಚೆ ತುದಿಗೆ ಹೋಗಿತ್ತು. ಇನ್ನೇನು ಮುಂದಿನ ಕೆರೆಗೆ ಹೊರಟೇಹೋಗುತ್ತದೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಹೌದು ಕಣೇ, ಅವನೇ," ಎಂದಳು.

ತಿರುಮಲವ್ವ ಜೊಂಡು ಬಿಟ್ಟು ಹೊರಬಂದಳು. ಹಿಂದೆ ಸಾಲಾಗಿ ಐದು ಕೆಂಪು ತಲೆ. ಮರಿಗಳಿಗೆ ಬಿಸಿಲು ಕಂಡದ್ದೇ ಹಬ್ಬವಾಗಿಬಿಟ್ಟಿತು. ಒಂದು ಜಾರಿ ಬಿತ್ತು, ಇನ್ನೊಂದು ಅದರ ಮೇಲೆ ಬಿತ್ತು. ಎಲ್ಲಕ್ಕಿಂತ ಚಿಕ್ಕದು ಕೆಸರಿನಲ್ಲಿ ಒಂದು ಎರೆಹುಳ ಕಂಡು ಹಿಂದೆ ಉಳಿಯಿತು. ಅದು ಜಗ್ಗಿದರೆ ಹುಳ ಬಾರದು, ಮರಿ ಬಿಡದು.

ಸೆಳೆವ ಕೆರೆಯ ಆಚೆ ತುದಿಯಲ್ಲಿ ತಿರುಗಿತು. ತಿರುಗಿ ಕೆಸರಿನ ಕಡೆಗೇ ಬರತೊಡಗಿತು.

ತಿರುಮಲವ್ವ ಹುಲ್ಲಿನ ಹತ್ತಿರ ನಿಂತು ಏರಿಯ ಕಡೆ ಒಮ್ಮೆ ನೋಡಿದಳು. ಕೆಂಚಕ್ಕ ಸುಮ್ಮನೆ ನಿಂತಿದ್ದಳು. ಕೆಂಚಕ್ಕ ಸುಮ್ಮನಿದ್ದಾಳೆ ಎಂದರೆ ಹೆದರಿಕೆಯಿಲ್ಲ ಎಂದೇ ಆ ಕೆರೆಯಲ್ಲಿ ಎಲ್ಲರೂ ತಿಳಿದುಕೊಂಡು ಬಂದದ್ದು. ತಿರುಮಲವ್ವ ನೆಮ್ಮದಿಯಿಂದ ತಲೆ ತಗ್ಗಿಸಿ ಹುಲ್ಲು ಕಿತ್ತು ಮರಿಯ ಬಾಯಿಗಿಟ್ಟಳು.

ಕೂಗಬೇಕು ಎಂದು ಕೆಂಚಕ್ಕನ ಗಂಟಲು ಹೇಳುತ್ತಿತ್ತು. ಕೂಗಿದರೆ ತಾನು ಹೇಳಿದ್ದು ತಪ್ಪೆಂದು ತಾನೇ ಒಪ್ಪಿಕೊಂಡಂತೆ. ಇನ್ನೊಂದು ಸ್ವಲ್ಪ ನೋಡೋಣ, ಅದು ಪಕ್ಕಕ್ಕೆ ಹೊರಳಬಹುದು ಎಂದುಕೊಂಡಳು. ರೆಕ್ಕೆ ಒಂದು ಸಲ ಬಡಿಯುವಷ್ಟು ಹೊತ್ತು ತಡೆದಳು. ಇನ್ನೊಂದು ಸಲ ಬಡಿಯುವಷ್ಟು ಹೊತ್ತು ತಡೆದಳು. ಸೆಳೆವ ಪಕ್ಕಕ್ಕೆ ಹೊರಳಲಿಲ್ಲ.

"ಸೆಳೆವ! ತಿರುಮಲವ್ವ, ಅದು ಸೆಳೆವ! ಓಡಿಸು ಮಕ್ಕಳನ್ನ!"

ಅಷ್ಟು ಜೋರಾಗಿ ಅವಳು ಹಿಂದೆಂದೂ ಕೂಗಿರಲಿಲ್ಲ. ತಾಯಿಯ ಬಳಿಯಿದ್ದ ನಾಲ್ಕು ಮರಿಗಳು ಬಿದ್ದೆದ್ದು ಓಡಿ ನೀರಿಗೆ ಧುಮುಕಿ ಅಡಗಿದವು. ಹಿಂದೆ ಉಳಿದ ಮರಿ ಹುಳ ಬಿಟ್ಟು ತಲೆ ಎತ್ತುವಷ್ಟರಲ್ಲಿ ನೆರಳು ಮೇಲೆ ಬಂದಾಗಿತ್ತು.

ಕೆಂಚಕ್ಕ ಹಾರಿದಳು. ಸೆಳೆವದ ಬೆನ್ನು ಹತ್ತಿದಳು, ಅದರ ತಲೆಗೆ ಎರಗಿದಳು, ಬೆನ್ನಿಗೆ ಕುಕ್ಕಿದಳು, ಏರಿಯ ಆಚೆ ಹೊಲದವರೆಗೂ ಕೂಗುತ್ತ ಹೋದಳು. ಅದು ಕಾಲು ಸಡಿಲಿಸಲಿಲ್ಲ. ಕೊನೆಗೆ ರೆಕ್ಕೆ ಸೋತು ಒಬ್ಬಳೇ ಹಿಂದಿರುಗಿದಳು.

ಕೆರೆಯಲ್ಲಿ ಯಾರೂ ನಗಲಿಲ್ಲ. ತಿರುಮಲವ್ವ ಮರಿ ನಿಂತಿದ್ದ ಜಾಗದಲ್ಲಿ ನಿಂತಿದ್ದಳು. ಕೆಂಚಕ್ಕ ಬಂದು ಅವಳ ಎದುರಿಗೆ ಇಳಿದಳು.

"ಬಿಸಿಲು ಹಾಗಿತ್ತು. ಯಾರಿಗಾದರೂ ತಪ್ಪುತ್ತೆ ತಿರುಮಲವ್ವ," ಎಂದ ಬಸಣ್ಣ ಮೆಲ್ಲಗೆ. ಕೆಂಚಕ್ಕನನ್ನು ಉಳಿಸಲೆಂದೇ ಅವನು ಆ ಮಾತು ಹೇಳಿದ್ದ.

ತಿರುಮಲವ್ವ ಕೆಂಚಕ್ಕನ ಮುಖ ನೋಡಿದಳು. "ಹೌದಾ ಅಕ್ಕಾ? ನಿನಗೆ ಗೊತ್ತಾಗಲಿಲ್ಲವಾ?"

ಹೌದು, ಗೊತ್ತಾಗಲಿಲ್ಲ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಕೆಂಚಕ್ಕನಿಗೆ ಅದು ತಿಳಿದಿತ್ತು.

"ಗೊತ್ತಾಗಿತ್ತು," ಎಂದಳು.

"ಯಾವಾಗ?"

"ನೀನು ಕೇಳುವ ಮುಂಚೆಯೇ."

ತಿರುಮಲವ್ವ ಬೈಯಲಿಲ್ಲ, ಕುಕ್ಕಲಿಲ್ಲ. "ನೀನು ಕಾಣದೆ ಹೇಳಿದ್ದರೆ ನನ್ನ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಿದ್ದೆ," ಎಂದಳು. ಉಳಿದ ನಾಲ್ಕು ಮರಿಗಳನ್ನು ರೆಕ್ಕೆಯ ಬದಿಗೆ ಸೇರಿಸಿಕೊಂಡು ಜೊಂಡಿನತ್ತ ಹೊರಟಳು. ಒಳಗೆ ಹೋಗುವ ಮೊದಲು ಒಮ್ಮೆ ನಿಂತಳು.

"ನಾಳೆಯೂ ಕೂಗು ಅಕ್ಕಾ. ಕೇಳುತ್ತೇನೆ, ಕೇಳದೆ ನನಗೆ ಬೇರೆ ದಾರಿಯಿಲ್ಲ. ಆದರೆ ಇನ್ನು ಮೇಲೆ ಮೊದಲು ನಾನು ಬಯಲಿಗೆ ಬಂದು ನಿಂತು ನೋಡುತ್ತೇನೆ. ಆಮೇಲೆ ಮಕ್ಕಳು."

ಅಂದಿನಿಂದ ಕೆಂಚಕ್ಕನ ಕೂಗು ಬದಲಾಯಿತು. ಯಾರಾದರೂ ದೂರದಲ್ಲಿ ಕಂಡರೆ, "ಯಾರೋ ಬರುತ್ತಿದ್ದಾರೆ, ಯಾರೆಂದು ಇನ್ನೂ ಗೊತ್ತಾಗಿಲ್ಲ, ಒಳಗಿರಿ," ಎನ್ನುತ್ತಾಳೆ. ತಪ್ಪಿ ಬೇರೆ ಹೆಸರು ಹೇಳಿದರೆ, "ನಾನು ಹೇಳಿದ್ದು ತಪ್ಪು" ಎಂದು ಕೆರೆಯ ನಾಲ್ಕೂ ದಿಕ್ಕಿಗೆ ಕೇಳುವಂತೆ ಅವಳೇ ಕೂಗುತ್ತಾಳೆ. ಸಿಪಿಲೆಗಳು ಬಂದಾಗ ಅವಳ ಮಾತು ಸರಿಯಾಯಿತು, ಬಾತುಗಳು ಬಂದಾಗ ಸರಿಯಾಯಿತು. ನಿಜವಾದ ಮೀನುಗಿಡುಗ ಬಂದು ಜಾಲಿಯ ಮೇಲೆ ಕೂತಾಗಲೂ ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಆದರೂ ದಿನಾ ಬೆಳಿಗ್ಗೆ ಅವಳು "ಮೇಲೆ ಯಾರೂ ಇಲ್ಲ, ಬನ್ನಿ" ಎಂದು ಕೂಗಿದ ಮೇಲೆ, ಜೊಂಡಿನಿಂದ ತಿರುಮಲವ್ವ ಒಬ್ಬಳೇ ಹೊರಗೆ ಬರುತ್ತಾಳೆ. ಬಯಲು ಕೆಸರಿನಲ್ಲಿ ನಿಂತು ಕತ್ತೆತ್ತಿ ಮುಗಿಲಿನ ಮೂಲೆ ಮೂಲೆ ನೋಡುತ್ತಾಳೆ. ಅವಳು ನೋಡಿ ಮುಗಿಸುವವರೆಗೂ ಕೆಂಚಕ್ಕ ಏರಿಯ ಮೇಲೆ ಕಾಯುತ್ತ ನಿಂತಿರುತ್ತಾಳೆ.

ನೀತಿ: ತಪ್ಪಾಗಿ ಕಾಣುವುದು ಯಾರಿಗೂ ತಪ್ಪಿದ್ದಲ್ಲ. ಆದರೆ ತಪ್ಪೆಂದು ತಿಳಿದ ಮೇಲೂ ಆಡಿದ ಮಾತನ್ನೇ ಹಿಡಿದು ನಿಂತರೆ, ನಮ್ಮನ್ನು ನಂಬಿದವರು ಅದರ ನೋವು ಉಣ್ಣಬೇಕಾಗುತ್ತದೆ.