ಪಟದ ಹಿಂದಿನ ಕೆಂಪು ದೀಪ

“ಗುರುಗಳೇ, ಜಪವನ್ನು ಇಮ್ಮಡಿ ಮಾಡಿದರೆ ಮನಸ್ಸು ಸುಮ್ಮನಾಗುತ್ತದೆಯೇ?” ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅಲ್ಲಿ ಅವನಷ್ಟು ಜಪ ಮಾಡುವವರು ಬೇರೆ ಯಾರೂ ಇರಲಿಲ್ಲ. ಆದರೂ ಕಣ್ಣು ಮುಚ್ಚಿದ ಕೂಡಲೇ ಅವನಿಗೆ ಅಣ್ಣನ ಮುಖ ಕಾಣುತ್ತಿತ್ತು. ಹಿಂದೆ ಮನೆಯಲ್ಲಿ ತಾಯಿಯ ಸರ ಕಾಣೆಯಾದಾಗ ಅವನು ಹತ್ತು ಜನರೆದುರು ಅಣ್ಣನನ್ನು ಕಳ್ಳನೆಂದು ಕರೆದು, ಅದೇ ಸಿಟ್ಟಿನಲ್ಲಿ ಮನೆ ಬಿಟ್ಟು ಬಂದಿದ್ದ. ಸರ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತೆಂದು ಊರಿನವರೊಬ್ಬರು ಆಮೇಲೆ ಬಂದು ಹೇಳಿದರು. ಅಂದಿನಿಂದ ಅವನ ಜಪ ಹೆಚ್ಚುತ್ತಲೇ ಬಂದಿತ್ತು.

ಇದನ್ನೆಲ್ಲ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಗುರುಗಳು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡರು. ನಂತರ ಮೊರವನ್ನು ಪಕ್ಕಕ್ಕೆ ಸರಿಸಿ, “ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ” ಎಂದರು. ಶಾಸ್ತ್ರದ ಮಾತು ಕೇಳಲು ಬಂದಿದ್ದ ಮರುಳಸಿದ್ಧನಿಗೆ ಕೊಂಚ ನಿರಾಸೆಯಾಯಿತು. ಆದರೂ ಕೂತ.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಊರೂರು ಅಲೆದು ಮೇಲೆ ಬಂದವನು. ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಮದುವೆಯಾಗಿ ಹೋದಮೇಲೂ ಅವಳು ಪ್ರತಿ ಗೌರಿ ಹಬ್ಬಕ್ಕೆ ಎರಡು ಬಸ್ಸು ಬದಲಿಸಿ ತವರಿಗೆ ಬರುತ್ತಿದ್ದಳು. ಒಮ್ಮೆ ಅವಳು ಹೊರಟಾಗ ಹುಡುಗನಾಗಿದ್ದ ಇವನು ಬಸ್‌ಸ್ಟ್ಯಾಂಡಿನಲ್ಲಿ ಸೆರಗು ಹಿಡಿದುಕೊಂಡು, ದೊಡ್ಡವನಾದಮೇಲೆ ನಿನ್ನನ್ನು ನನ್ನ ಕಾರಿನಲ್ಲೇ ಕರೆತರುತ್ತೇನೆ ಎಂದು ಮಾತು ಕೊಟ್ಟಿದ್ದ. ಅಕ್ಕ ನಕ್ಕು ಬಸ್ಸು ಹತ್ತಿದ್ದಳು. ಅವಳು ಅದನ್ನು ಮರೆತಳು. ಅವನು ಮರೆಯಲಿಲ್ಲ.

ಅಕ್ಕನಿಗೆ ಎಪ್ಪತ್ತಾಯಿತು. ಮಂಡಿ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಲಾರದೆ ಮೂರು ವರ್ಷ ಅವಳು ತವರಿಗೆ ಬರಲಿಲ್ಲ. ಬಾಡಿಗೆ ಕಾರು ಕಳಿಸಿದ್ದರೆ ಬರುತ್ತಿದ್ದಳೋ ಏನೋ. ಆದರೆ ವ್ಯಾಪಾರಿ ಮಾತು ಕೊಟ್ಟದ್ದು ಸ್ವಂತ ಕಾರಿಗೆ. ಮಂಡಿ ಮಡಿಸದೆ ಕಾಲು ಚಾಚಿ ಕೂರುವಂಥದ್ದೇ ಬೇಕೆಂದು ಅವನು ಒಂದು ವಿದೇಶಿ ಕಾರನ್ನು ಕೊಂಡ. ಹೊಸದು ಅವನ ಕೈಗೆ ಎಟುಕುವಂತಿರಲಿಲ್ಲ. ಇದು ಹದಿಮೂರು ವರ್ಷ ಹಳೆಯದು, ಗಿರಣಿ ಮಾಲೀಕನೊಬ್ಬ ಓಡಿಸಿ ಬಿಟ್ಟದ್ದು.

ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ ನೋಡಿ ಎದ್ದು ಬಂದು, “ಸಾವ್ಕಾರ್ರೇ, ಈ ಗಾಡಿ ಬೆಲೆ ಇಳಿಸ್ಕೊಂಡಿದೆ, ಗತ್ತು ಇಳಿಸ್ಕೊಂಡಿಲ್ಲ. ಸಾಕೋಕೆ ತಾಳ್ಮೆ ಬೇಕು” ಎಂದ.

ವ್ಯಾಪಾರಿಗೆ ತಾಳ್ಮೆ ಇತ್ತು. ಜಿಪುಣನೆಂದು ಅವನನ್ನು ಯಾರೂ ಅನ್ನುವಂತಿರಲಿಲ್ಲ. ಬಿರುಕುಬಿಟ್ಟ ರಬ್ಬರ್ ಪೈಪುಗಳನ್ನೂ ಬೆಲ್ಟನ್ನೂ ಬದಲಿಸಿದ. ಆಯಿಲ್ ಹಾಕಿಸಿದ, ಬ್ರೇಕು ಸರಿಮಾಡಿಸಿದ. ಹರಿದ ಚರ್ಮದ ಸೀಟುಗಳನ್ನು ಹೊಲಿಸಿದ. ಹಳದಿಗಟ್ಟಿದ್ದ ಹೆಡ್‌ಲೈಟಿನ ಗಾಜು ಉಜ್ಜಿಸಿದ. ಭಾನುವಾರ ಅಂಗಡಿಗೆ ರಜೆ. ಅಂದೆಲ್ಲ ಅವನಿಗೆ ಹಳೆಯ ಪಂಚೆಯ ತುಂಡು ಹಿಡಿದು ಕಾರು ಒರೆಸುವುದೇ ಕೆಲಸ. ಮನೆಯಾಕೆ, ಮದುವೆ ಗಂಡಿಗೂ ಇಷ್ಟು ಉಪಚಾರ ನೋಡಿಲ್ಲ ಎಂದು ಗೇಲಿ ಮಾಡುತ್ತಿದ್ದಳು.

ಎಲ್ಲ ಮುಗಿದಮೇಲೂ ಒಂದು ಉಳಿಯಿತು. ಸ್ಟಿಯರಿಂಗಿನ ಹಿಂದಿನ ಗಾಜಿನೊಳಗೆ ಒಂದು ಹಳದಿ ದೀಪ ಆರದೆ ಉರಿಯುತ್ತಿತ್ತು. ಮೆಕ್ಯಾನಿಕ್ ಪರೀಕ್ಷಿಸಿ, ಸಣ್ಣ ಬಿಡಿಭಾಗವೊಂದು ಕೆಟ್ಟಿದೆ, ಹೊರದೇಶದಿಂದ ಬರಬೇಕು, ಅಲ್ಲಿಯವರೆಗೆ ಧೈರ್ಯವಾಗಿ ಓಡಿಸಿ ಎಂದ.

ವ್ಯಾಪಾರಿ ಓಡಿಸಿದ. ಆದರೆ ಪಕ್ಕದಲ್ಲಿ ಕೂತವರೆಲ್ಲ ಮೊದಲು ಸೀಟು ಸವರಿ ಆಹಾ ಅನ್ನುವರು, ಮರುಗಳಿಗೆ ಇದೇನು ದೀಪ ಎಂದು ಕೇಳುವರು. ಅವನು ವಿವರಿಸಲು ಹೊರಡುವನು. ಅರ್ಧಕ್ಕೇ ಅವರು, “ಹಳೇ ಗಾಡಿ ಅಲ್ವಾ, ಬಿಡಿ” ಎನ್ನುವರು. ಆ ‘ಬಿಡಿ’ ಎಂಬ ಮಾತು ಅವನನ್ನು ಚುಚ್ಚುತ್ತಿತ್ತು. ದೀಪಕ್ಕೆ ಕರಿ ಟೇಪು ಅಂಟಿಸೋಣವೆಂದರೆ ಅದೂ ಅವಮಾನವೇ. ಒಂದು ಸೋಮವಾರ ಸ್ನಾನ ಮಾಡಿ, ದೇವರ ಕೋಣೆಯಿಂದ ಬೆಳ್ಳಿ ಚೌಕಟ್ಟಿನ ಪುಟ್ಟ ಪಟವೊಂದನ್ನು ತಂದು ಸರಿಯಾಗಿ ಆ ದೀಪ ಮರೆಯಾಗುವಂತೆ ಗಾಜಿನ ಮೇಲೆ ಅಂಟಿಸಿದ. ಕುಂಕುಮ ಇಟ್ಟ, ಹೂ ಏರಿಸಿದ, ಕರ್ಪೂರ ಬೆಳಗಿದ. ದೇವರ ಹಿಂದೆ ಏನಿದೆ ಎಂದು ಯಾರು ತಾನೇ ಕೇಳುತ್ತಾರೆ? ಕೂತವರೆಲ್ಲ ಕೈಮುಗಿದರು. ವ್ಯಾಪಾರಿಗೆ ನೆಮ್ಮದಿಯಾಯಿತು.

ತಿಂಗಳ ಮೇಲೆ ಬಿಡಿಭಾಗ ಬಂತು. ಮೆಕ್ಯಾನಿಕ್ ಅದನ್ನು ಜೋಡಿಸಿ, ದೀಪ ಆರಿತೋ ಇಲ್ಲವೋ ನೋಡಲು ಪಟಕ್ಕೆ ಕೈ ಹಾಕಿದ. ವ್ಯಾಪಾರಿ ಅವನ ಕೈ ಹಿಡಿದುಕೊಂಡ.

“ಪೂಜೆ ಆದ ಪಟ ಅದು. ಕೀಳಬಾರದು.”

“ಕೀಳೋದು ಬೇಡ ಸಾವ್ಕಾರ್ರೇ, ಸ್ವಲ್ಪ ಮೇಲಕ್ಕೆ ಕೂರ್ಸೋಣ. ಹಿಂದೆ ಇನ್ನೂ ದೀಪ ಇದಾವೆ, ಏನಾದ್ರೂ ಕೆಟ್ರೆ ಹತ್ತೋವು.”

“ಇರಲಿ ಬಿಡಪ್ಪ. ಎಲ್ಲ ಅವನೇ ನೋಡ್ಕೋತಾನೆ” ಎಂದ ವ್ಯಾಪಾರಿ. ದೇವರ ವಿಷಯದಲ್ಲಿ ವಾದಿಸುವುದು ಹೇಗೆಂದು ಮೆಕ್ಯಾನಿಕ್ ಕೈ ಹಿಂದಕ್ಕೆ ತೆಗೆದ.

ಗೌರಿ ಹಬ್ಬ ಬಂತು. ವ್ಯಾಪಾರಿ ನಸುಕಿಗೇ ಹೊರಟು ಅಕ್ಕನ ಊರು ಮುಟ್ಟಿದ. ಅವಳನ್ನು ಕೈಹಿಡಿದು ನಡೆಸಿ ಮುಂದಿನ ಸೀಟಿನಲ್ಲಿ ಕೂರಿಸಿದ. ಅಕ್ಕ ಕಾಲು ಚಾಚಿ, ಸೀಟನ್ನು ಒಮ್ಮೆ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಹೊತ್ತು ಅವನಿಗಾದ ಸಂತೋಷ ಜೀವಮಾನದಲ್ಲಿ ಆಗಿರಲಿಲ್ಲ. ದೇವರ ಹಾಡು ಹಾಕಿಕೊಂಡು ಹೊರಟರು.

ಅರ್ಧ ದಾರಿ ಸಾಗಿರಬೇಕು. ಎಲ್ಲೋ ಟಿಣ್ ಟಿಣ್ ಎಂದು ಕೇಳಿಸಿತು.

“ಗಂಟೆ ಬಾರಿಸಿದ ಹಾಗಾಯ್ತಲ್ಲೋ ತಮ್ಮಾ?” ಎಂದಳು ಅಕ್ಕ.

“ಹಾಡಿನಲ್ಲಿರಬೇಕು ಕಣಕ್ಕ. ನೀನು ಬಂದ ಗಳಿಗೆ, ಗಂಟೆಯೂ ಆಯ್ತು ನೋಡು” ಎಂದ ತಮ್ಮ.

ಅಕ್ಕ ಪಟಕ್ಕೆ ಕೈಮುಗಿದಳು. ಅವನೂ ಒಂದು ಕೈಯನ್ನು ಹಣೆಗೆ ಮುಟ್ಟಿಸಿದ. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಬಾನೆಟ್ಟಿನಿಂದ ಬಿಳಿ ಹಬೆ ಎದ್ದಿತು. ಎಂಜಿನ್ ಒಮ್ಮೆ ನರಳಿ ನಿಂತಿತು. ಮತ್ತೆ ಶುರುವಾಗಲಿಲ್ಲ.

ಹಬ್ಬದ ದಿನ ಬಾಡಿಗೆ ಕಾರು ಸಿಗಲಿಲ್ಲ. ಬಸ್ಸುಗಳು ಬಂದವು, ಅಕ್ಕನಿಗೆ ಹತ್ತಲಾಗಲಿಲ್ಲ. ಬಿಸಿಲಲ್ಲಿ ಕಲ್ಲಿನ ಮೇಲೆ ಕೂತು ಅವಳ ಮಂಡಿ ಊದಿಕೊಂಡಿತು. ಸಂಜೆಗೆ ಅವಳ ಊರಿನ ಕಡೆ ಹೊರಟಿದ್ದ ಹಾಲಿನ ವ್ಯಾನಿನವನೊಬ್ಬ ನಿಲ್ಲಿಸಿದ. ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ತಮ್ಮನ ಮುಖ ನೋಡಲಾರದೆ ಅಕ್ಕ, “ಅಳಬೇಡವೋ. ಅರ್ಧ ದಾರಿ ಬಂದೆನಲ್ಲ. ಉಳಿದರ್ಧ ಬರೋ ವರ್ಷ” ಎಂದಳು.

ಬರುವ ವರ್ಷದವರೆಗೆ ಅವಳು ಇರಲಿಲ್ಲ. ದೀಪಾವಳಿಗೆ ಮುಂಚೆಯೇ ತೀರಿಕೊಂಡಳು.

ಕಾರ್ಯವೆಲ್ಲ ಮುಗಿಸಿ ವ್ಯಾಪಾರಿ ಗ್ಯಾರೇಜಿಗೆ ಹೋದ. ಕಾರು ಎಳೆದು ತಂದಂತೆಯೇ ಮೂಲೆಯಲ್ಲಿ ನಿಂತಿತ್ತು. ನೀರು ತುಂಬುವ ಹಳೆಯ ಪ್ಲಾಸ್ಟಿಕ್ ಡಬ್ಬಿ ಸೀಳಿ, ನೀರೆಲ್ಲ ಸೋರಿ, ಎಂಜಿನ್ ಕಾದು ಹಿಡಿದುಕೊಂಡಿದೆ ಎಂದ ಮೆಕ್ಯಾನಿಕ್. ಕೂಡಲೇ ನಿಲ್ಲಿಸಿದ್ದರೆ ಡಬ್ಬಿಯೊಂದನ್ನು ಬದಲಿಸಿದರೆ ಸಾಕಾಗುತ್ತಿತ್ತು.

ವ್ಯಾಪಾರಿಯ ದುಃಖ ಸಿಟ್ಟಾಗಿ ಹೊರಬಂತು. “ಒಂದು ದಿನ ಪೂಜೆ ತಪ್ಪಿಸಿದವನಲ್ಲ ನಾನು. ದೇವರು ಒಂದು ಸೂಚನೆ ಕೊಡಬಾರದಿತ್ತೇ?” ಎಂದ.

ಮೆಕ್ಯಾನಿಕ್ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದ. ಟಿಣ್ ಟಿಣ್ ಎಂದಿತು. ಆ ಸದ್ದು ವ್ಯಾಪಾರಿಗೆ ಗುರುತಾಯಿತು. ತಾನೇ ಬಗ್ಗಿ ಪಟಕ್ಕೆ ಕೈಮುಗಿದು ಮೆಲ್ಲಗೆ ಕಿತ್ತ. ಹಿಂದೆ ಕೆಂಪು ದೀಪ ಉರಿಯುತ್ತಿತ್ತು.

ಗುರುಗಳು ಇಷ್ಟು ಹೇಳಿ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಮರುಳಸಿದ್ಧ ಕಾದ. ಗುರುಗಳು ನಾಲ್ಕು ಕಾಯಿ ಬಿಡಿಸಿದರು. ಕತೆ ಮುಗಿಯಿತೆಂದು ಅವನಿಗೆ ಗೊತ್ತಾಯಿತು.

“ಹಾಗಾದರೆ ನಾನು ಎಷ್ಟು ಜಪ ಮಾಡಲಿ ಗುರುಗಳೇ?” ಎಂದು ಕೇಳಿದ.

ಗುರುಗಳು ತಲೆಯೆತ್ತದೆ ಕೇಳಿದರು: “ನಿನ್ನ ಅಣ್ಣನಿಗೆ ಈಗ ವಯಸ್ಸೆಷ್ಟು?”

ಮರುಳಸಿದ್ಧ ಎದ್ದು, ತನ್ನ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.