ಹೊದಿಸದೆ ಉಳಿದ ಶಾಲು

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠಕ್ಕೆ ಸೇರಿದ ಒಂದು ಕಾಲೇಜು. ಎರಡಕ್ಕೂ ಹಿರಿಯರು ಒಬ್ಬರೇ, ಎಲ್ಲರೂ ಅಜ್ಜಾರು ಎಂದು ಕರೆಯುವ ವಯಸ್ಸಾದ ಸ್ವಾಮಿಗಳು.

ಆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಅಧ್ಯಾಪಕರು, ಸಿಬ್ಬಂದಿ ಆ ವರ್ಷ ಮಾಡಿದ ಸಾಧನೆಗಳನ್ನು ವೇದಿಕೆಯ ಮೇಲೆ ಓದುತ್ತಿದ್ದರು. ಓದಿದ ಮೇಲೆ ಶಾಲು ಹೊದಿಸುವವರು ಮಂತ್ರಿಗಳಲ್ಲ, ಮುಖ್ಯ ಅತಿಥಿಗಳೂ ಅಲ್ಲ. ಸನ್ಮಾನ ಪಡೆಯುವವರು ತಮ್ಮ ಒಬ್ಬ ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯಬೇಕು. ಆ ವಿದ್ಯಾರ್ಥಿ ಬಂದು ಹೊದಿಸಬೇಕು.

ಇದು ಅಜ್ಜಾರು ಹಾಕಿಕೊಟ್ಟದ್ದು. ಯಾಕೆಂದು ಯಾರೂ ಕೇಳಿರಲಿಲ್ಲ.

ಶಂಭುಲಿಂಗ ಅಲ್ಲಿ ಇತಿಹಾಸದ ಅಧ್ಯಾಪಕ. ಅಪ್ಪ ಅವ್ವ ಇಲ್ಲದೆ ಮಠಕ್ಕೆ ಬಂದು, ಅಜ್ಜಾರ ಮುಂದೆ ಕೂತು ಅಕ್ಷರ ತಿದ್ದಿ ಬೆಳೆದವನು. ಬಂದ ಮೊದಲ ದಿನ ಊಟದ ಪಂಕ್ತಿಯಲ್ಲಿ ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಾರು ಹತ್ತಿರ ಬಂದು, “ಶಂಭೂ, ಉಣ್ಣು” ಎಂದಿದ್ದರು. ಅವನು ಅತ್ತುಬಿಟ್ಟಿದ್ದ.

ಈ ವರ್ಷ ಅವನು ಊರಲ್ಲಿ ನಿಂತದ್ದೇ ಕಡಿಮೆ. ಇವತ್ತು ಮೈಸೂರಿನಲ್ಲಿ ವಿಚಾರ ಸಂಕಿರಣವಾದರೆ ನಾಳೆ ದಿಲ್ಲಿಯಲ್ಲಿ ಉಪನ್ಯಾಸ. ಪ್ರಬಂಧಗಳು ಅಚ್ಚಾದವು. ಒಂದಕ್ಕೆ ದೊಡ್ಡ ಪ್ರಶಸ್ತಿಯೂ ಬಂತು.

ಪ್ರಾಂಶುಪಾಲರು ಆ ತಿಂಗಳು ನಿವೃತ್ತರಾಗುವವರಿದ್ದರು. ಮುಂದಿನವರು ಯಾರೆಂದು ಅಜ್ಜಾರು ಹೇಳಬೇಕಿತ್ತು.

ವಾರ್ಷಿಕೋತ್ಸವದ ದಿನ ಮುಂಜಾನೆ ಶಂಭುಲಿಂಗ ಅಜ್ಜಾರ ಪಾದ ಮುಟ್ಟಿದ.

“ಅಜ್ಜಾರ, ಆ ಕುರ್ಚಿಗೆ ನಾ ತಕ್ಕವ ಅದೀನೇನ್ರಿ?”

“ಸಂಜಿಗೆ ನೀನ ಹೇಳು ತಮ್ಮಾ” ಎಂದರು ಅಜ್ಜಾರು.

ಮಧ್ಯಾಹ್ನ ಸಭೆ ಸೇರಿತು.

ಗ್ರಂಥಾಲಯದ ಅನ್ನಪೂರ್ಣಮ್ಮ ಒಂದು ತರಬೇತಿ ಮುಗಿಸಿದ್ದರು. ಅವರ ವರದಿ ಒಂದೇ ಸಾಲಿನದು. “ಈರಣ್ಣಾ, ಬಾರೋ” ಎಂದರು. ಈರಣ್ಣ ಓಡಿ ಬಂದು ಶಾಲು ತಿರುವುಮುರುವು ಹೊದಿಸಿದ. ಎಲ್ಲರೂ ನಕ್ಕರು. ಅನ್ನಪೂರ್ಣಮ್ಮ ಕಣ್ಣು ಒರೆಸಿಕೊಂಡರು.

ಪ್ರಯೋಗಾಲಯದ ಇಮಾಮಸಾಬರಿಗೆ ಉತ್ತಮ ಸೇವೆಯ ಗೌರವ. ಅವರು ಮೈಕಿನ ಮುಂದೆ ನಿಂತು, “ಯಾರನ್ನ ಕರೀಲಿ, ಯಾರನ್ನ ಬಿಡ್ಲಿ?” ಎಂದು ಪೇಚಾಡಿದರು. ಕೊನೆಗೆ ಒಂದು ಬೆಂಚಿನವರೆಲ್ಲ ಎದ್ದು ಬಂದರು.

ಆಮೇಲೆ ಶಂಭುಲಿಂಗನ ಸರದಿ. ಅವನ ಸಾಧನೆಗಳನ್ನು ಓದುತ್ತಿದ್ದ ಪ್ರಾಂಶುಪಾಲರು ನಡುವೆ ನೀರು ಕುಡಿಯಬೇಕಾಯಿತು. ಚಪ್ಪಾಳೆ ಬಹಳ ಹೊತ್ತು ಬಿತ್ತು.

“ಕರೀರಿ ಸರ, ನಿಮ್ಮ ವಿದ್ಯಾರ್ಥಿನ” ಎಂದರು ಪ್ರಾಂಶುಪಾಲರು.

ಅವನ ತರಗತಿ ಎದುರಿಗೇ ಸಾಲಾಗಿ ಕೂತಿತ್ತು. ಮುಖಗಳು ಕಂಡವು, ಹೆಸರುಗಳು ಬರಲಿಲ್ಲ. ಊರೂರಿನ ಸಭಾಧ್ಯಕ್ಷರ ಹೆಸರು, ಬಿರುದು ಎಲ್ಲ ಅವನಿಗೆ ಬಾಯಿಪಾಠ. ಇಲ್ಲಿ ಒಂದು ಹೆಸರೂ ನಾಲಿಗೆಗೆ ಬರಲೊಲ್ಲದು.

ಕಡೆಗೆ ಒಂದು ಹೆಸರು ನೆನಪಾಯಿತು. ಹೋದ ಜೀವ ಬಂದಂತಾಯಿತು.

“ಮಾದೇವಿ, ಬಾರವಾ.”

ಯಾರೂ ಏಳಲಿಲ್ಲ. ಅವನು ಮತ್ತೆ ಕರೆದ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. “ಸರ, ಮಾದೇವಿ ದೀಪಾವಳಿಗೇ ಕಾಲೇಜು ಬಿಟ್ಟಾಳ್ರಿ.”

ಯಾರನ್ನಾದರೂ ಕರೆಯಿರಿ ಎಂದು ಪ್ರಾಂಶುಪಾಲರು ಪಿಸುಗುಟ್ಟಿದರು. ಯಾರನ್ನು ಕರೆಯುವುದು? ಶಂಭುಲಿಂಗನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಜ್ಜಾರು ಎದ್ದು ಬಂದರು. ಮಡಿಕೆ ಬಿಚ್ಚದ ಶಾಲನ್ನು ತಟ್ಟೆಯಿಂದ ತೆಗೆದು ತಮ್ಮ ತೋಳಿನ ಮೇಲೆ ಹಾಕಿಕೊಂಡರು.

“ಮುಂದಿನವರದು ಓದ್ರಿ” ಎಂದರು.

ಸಂಜೆ ಅವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಶಾಲು ಇನ್ನೂ ತೋಳಿನ ಮೇಲೇ ಇತ್ತು. ಶಂಭುಲಿಂಗ ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

“ನೀ ಊರಾಗ ಇಲ್ಲದಾಗ ಪಾಠ ಹೆಂಗ ನಡೀತಿತ್ತು?” ಎಂದು ಅಜ್ಜಾರು ಕೇಳಿದರು.

“ಟಿಪ್ಪಣಿ ಕೊಟ್ಟು ಹೋಗ್ತಿದ್ದೆರಿ. ಬರಕೊಳ್ತಿದ್ರು.”

“ಅಷ್ಟು ಮಂದಿಯೊಳಗ ಮಾದೇವಿ ಹೆಸರ ಯಾಕ ನೆನಪಾತು?”

“ಆಕಿ ಒಂದು ಪ್ರಶ್ನೆ ಕೇಳಿದ್ಲುರಿ.”

“ಏನಂತ?”

“ಆಕಿ ಊರು ಅಣೆಕಟ್ಟಿನ ನೀರಾಗ ಮುಳುಗೇತ್ರಿ. ‘ರಾಜರು ಕಟ್ಟಿದ ಊರಿಂದು ಓದ್ತೀವಿ ಸರ, ನಮ್ಮಂಥಾರ ಊರು ಮುಳುಗಿದ್ದು ಯಾಕ ಪುಸ್ತಕದಾಗ ಇಲ್ಲ?’ ಅಂದ್ಲು.”

“ನೀ ಏನಂದಿ?”

“ಮೈಸೂರಿಂದ ಬಂದು ಹೇಳ್ತೀನವಾ ಅಂದೆ.”

“ಬಂದು ಹೇಳಿದಿ?”

“ಮೈಸೂರಿಂದ ಬರೂದ್ರೊಳಗ ದಿಲ್ಲಿಯಿಂದ ಕರೆ ಬಂತ್ರಿ. ಅದು ಹಂಗ ಉಳೀತು.”

ಅಜ್ಜಾರು ನೀರಿನತ್ತ ನೋಡಿದರು.

“ನಿನಗ ದೊಡ್ಡ ಪ್ರಶಸ್ತಿ ಬಂತಲಾ, ಅದು ಯಾವ ಪ್ರಬಂಧಕ್ಕ?”

ಶಂಭುಲಿಂಗ ತಲೆ ತಗ್ಗಿಸಿದ.

“ಹೇಳು ತಮ್ಮಾ.”

“ಮುಳುಗಿದ ಊರುಗಳ ಮ್ಯಾಲೆ ಬರೆದದ್ದಕ್ರಿ.”

“ಅಂದ್ರ ಆಕಿ ಪ್ರಶ್ನೆಗೆ ಉತ್ತರ ಹುಡುಕಿದಿ.”

“ಹೌದ್ರಿ.”

“ಹುಡುಕಿ ದಿಲ್ಲಿಯಾಗ ಹೇಳಿ ಬಂದಿ.”

ಅವತ್ತು ದಿಲ್ಲಿಯ ಆ ದೊಡ್ಡ ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಆ ಉತ್ತರಕ್ಕಾಗಿ ಕಾದವರು ಅಲ್ಲಿ ಒಬ್ಬರೂ ಇರಲಿಲ್ಲ ಎಂಬುದು ಶಂಭುಲಿಂಗನಿಗೆ ಈಗ ಹೊಳೆಯಿತು.

“ಆಕಿ ನಿನ್ನ ಕೋಣಿ ಬಾಗಲಾ ನೋಡಿ ನೋಡಿ ಹೋಗ್ತಿದ್ಲು” ಎಂದರು ಅಜ್ಜಾರು. “ಒಂದಿನ ನನ್ನ ಕಡೆ ಬಂದ್ಲು. ‘ಸರ ಯಾವಾಗ ಬರ್ತಾರ್ರಿ ಅಜ್ಜಾರ? ಕಾಲೇಜಿನ್ಯಾಗ ಪಾಠನ ಇಲ್ಲ ಅಂದ ಮ್ಯಾಲೆ ಯಾಕ ಹೋಗ್ತಿ, ಬಿಡು ಅಂತ ಮನ್ಯಾಗ ಅನ್ನಾಕತ್ತಾರ್ರಿ’ ಅಂದ್ಲು.”

“ತಾವು ಏನಂದ್ರಿ?”

“ಬರ್ತಾನವಾ, ಬಂದು ನಿನಗ ಹೇಳೇ ಹೇಳ್ತಾನ, ಅಂವ ನಾ ಬೆಳೆಸಿದ ಹುಡುಗ ಅಂದೆ.”

ಅಜ್ಜಾರ ದನಿ ನಡುಗಿತು. ಶಂಭುಲಿಂಗ ಅವರನ್ನು ಎಂದೂ ಹಾಗೆ ಕಂಡಿರಲಿಲ್ಲ.

“ನನ್ನ ಮಾತು ನಂಬಿ ಇನ್ನಷ್ಟು ದಿನ ಕಾದ್ಲು. ಆಮ್ಯಾಲೆ ಬರೂದು ಬಿಟ್ಲು.”

“ತಾವು ಕರಸಬಹುದಿತ್ತಲ್ರಿ ಅಜ್ಜಾರ.”

“ಕರಸಿ ಏನು ಹೇಳ್ಲಿ? ಉತ್ತರ ನನ್ನ ಹತ್ರ ಇರಲಿಲ್ಲ.”

ಆಚೆ ದಂಡೆಯಲ್ಲಿ, ಮುಳುಗಿದ ಊರಿನವರಿಗೆಂದು ಕಟ್ಟಿಸಿಕೊಟ್ಟ ಮನೆಗಳಲ್ಲಿ ದೀಪ ಹತ್ತತೊಡಗಿದ್ದವು.

“ಆಕಿ ಅಲ್ಲೇ ಅದಾಳೇನ್ರಿ?”

“ಅಲ್ಲೇ ಅದಾಳ. ಈಗ ತಿರುಗಿ ಬಂದ್ರೂ ಪರೀಕ್ಷೆಗೆ ಕೂಡಬಹುದು. ತಡಾ ಆದ್ರ ಅದೂ ಇಲ್ಲ.”

ಶಂಭುಲಿಂಗ ಎದ್ದು ನಿಂತ.

“ಮುಂಜಾನೆ ಕೇಳಿದ್ದೆರಿ. ಆ ಕುರ್ಚಿಗೆ ನಾ ತಕ್ಕವ ಅಲ್ರಿ.”

ಅಜ್ಜಾರು ತೋಳಿನ ಮೇಲಿನ ಶಾಲು ಸರಿಮಾಡಿಕೊಂಡರು.

ಅವನು ಶಾಲಿಗೆ ಕೈ ಚಾಚಿದ. “ಇದನ್ನ ಆಕಿಗೆ ಹೊದಿಸಿ ಬರ್ತೀನ್ರಿ.”

ಅಜ್ಜಾರು ಕೊಡಲಿಲ್ಲ.

“ಆಕಿ ಶಾಲು ಕೇಳಿರಲಿಲ್ಲ.”

ಕೆಳಗೆ ದೋಣಿಯವನು ದಿನದ ಕಡೆಯ ದೋಣಿ ಬಿಡುತ್ತಿದ್ದ. “ನಿಂದರಪಾ, ಒಬ್ಬಾಂವ ಬರ್ತಾನ” ಎಂದು ಅಜ್ಜಾರು ಕೂಗಿದರು.

ಶಂಭುಲಿಂಗ ಬರಿಗೈಯಲ್ಲಿ ದೋಣಿ ಹತ್ತಿದ. ಹತ್ತಿದವನು ಹಿಂತಿರುಗಿ ನೋಡಿದ.

“ಹೋಗಿ ಮೊದಲ ಏನಂತ ಹೇಳ್ಲಿ ಅಜ್ಜಾರ?”

“ಅಜ್ಜ ಸುಳ್ಳು ಹೇಳಿರಲಿಲ್ಲ ಅಂತ ಹೇಳು.”